ಮೂಗಣ್ಣನ ಗಂಟು, ಷಡ್ಡಕನ ಚೀಟಿ

ಇಲ್ಲ ಅನ್ನಬೇಡ ಮಹರಾಯ. ಮೊದಲು ಪೂರ್ತಿ ಕೇಳು, ಆಮೇಲೆ ಬೇಕಾದರೆ ಇಲ್ಲ ಅನ್ನು. ಮುಚ್ಚಳ ಬಿಗಿದ ಡ್ರಮ್ಮಿನ ಪಕ್ಕ ಸುಮ್ಮನೆ ಹಾದುಹೋಗಿ, ಒಳಗಿರುವುದು ಆಸಿಡ್ಡೋ, ಥಿನ್ನರ್ರೋ, ಹಳೇ ಎಣ್ಣೆಯೋ ಅಂತ ಹೇಳಿಬಿಡುವ ಮನುಷ್ಯ ಒಬ್ಬನಿದ್ದ ಎಂದರೆ ನೀನು ಹುಬ್ಬು ಏರಿಸುತ್ತೀಯ. ಏರಿಸು, ಹುಬ್ಬು ನಿನ್ನದು. ಆದರೆ ಆ ಮನುಷ್ಯನನ್ನು ನನ್ನಷ್ಟು ಹತ್ತಿರದಿಂದ ನೋಡಿದವರು ಈ ಬೀದಿಯಲ್ಲಂತೂ ಯಾರೂ ಇಲ್ಲ.

ಅಪ್ಪ ಅಮ್ಮ ಏನು ಹೆಸರಿಟ್ಟಿದ್ದರೋ, ಕಾರ್ಖಾನೆಯಲ್ಲಿ ಎಲ್ಲರೂ ಅವನನ್ನು ಕರೆಯುತ್ತಿದ್ದದ್ದು ಮೂಗಣ್ಣ ಅಂತ. ಅದು ನಲ್ಲಿಗಳಿಗೆ ಹೊಳಪು ಹಾಕುವ ಕಾರ್ಖಾನೆ. ಮಂಕು ಹಿಡಿದ ನಲ್ಲಿ ಒಂದು ಬಾಗಿಲಿಂದ ಒಳಗೆ ಹೋಗಿ, ಏಳು ತೊಟ್ಟಿಗಳಲ್ಲಿ ಮುಳುಗಿ ಎದ್ದು, ಮದುಮಗನ ಹಾಗೆ ಮಿಂಚುತ್ತ ಇನ್ನೊಂದು ಬಾಗಿಲಿಂದ ಹೊರಗೆ ಬರುತ್ತಿತ್ತು. ನಲ್ಲಿ ಮಿಂಚಿತು ಸರಿ, ಅದು ಬಿಟ್ಟುಹೋದ ವಿಷ ಎಲ್ಲಿಗೆ ಹೋಗಬೇಕು? ಹಿಂದಿನ ಶೆಡ್ಡಿಗೆ. ಕೆಲಸ ಮಾಡಿ ಸೋತ ಆಸಿಡ್, ಒರೆಸಿದ ಥಿನ್ನರ್, ತೊಟ್ಟಿಯ ತಳದ ಹಸಿರು ಗಸಿ, ಬ್ಲೀಚಿಂಗ್ ನೀರು, ಹಳೇ ಎಣ್ಣೆ, ಎಲ್ಲವೂ ಡ್ರಮ್ಮುಗಳಲ್ಲಿ ತುಂಬಿಕೊಂಡು ಅಲ್ಲಿ ಸಾಲಾಗಿ ನಿಲ್ಲುತ್ತಿದ್ದವು. ಲಾರಿ ಬಂದು ಒಯ್ಯುವ ತನಕ ಆ ಹದಿನಾರು ಡ್ರಮ್ಮುಗಳಿಗೆ ಮೂಗಣ್ಣನೇ ಯಜಮಾನ.

ಚೀಟಿ ಇಲ್ಲ, ಪಟ್ಟಿ ಇಲ್ಲ, ಬರೆದಿಡುವ ಪದ್ಧತಿಯೇ ಇಲ್ಲ. ಎಲ್ಲ ಅವನ ಮೂಗಿನಲ್ಲಿ. ಯಾರಾದರೂ ಕೇಳಿದರೆ ಡ್ರಮ್ಮಿನ ಮುಚ್ಚಳ ಒಂದು ಬೆರಳಷ್ಟು ಎತ್ತಿ, ಅಂಗೈಯಿಂದ ಗಾಳಿಯನ್ನು ಮೂರು ಸಲ ಮೂಗಿನ ಕಡೆ ಬೀಸಿಕೊಂಡು, ಕಣ್ಣು ಮುಚ್ಚಿ ಹೇಳುತ್ತಿದ್ದ. ಒಂದು ಸಲವೂ ತಪ್ಪಿಲ್ಲ. ಗೇಟಿನ ಹತ್ತಿರ ನಿಂತು, ಮಾಲೀಕರು ಇವತ್ತು ಹೆಂಡತಿಯ ಜೊತೆ ಜಗಳ ಆಡಿ ಬಂದಿದ್ದಾರೆ ಅಂತ ವಾಸನೆಯಲ್ಲೇ ಹೇಳಿದ್ದನಂತೆ. ಹೇಗಪ್ಪಾ ಎಂದರೆ, ಅಂಗಿಗೆ ಇಸ್ತ್ರಿ ಬಿದ್ದ ವಾಸನೆ ಇಲ್ಲ ಅಂದನಂತೆ. ಒಮ್ಮೆ ಅವನು ಜ್ವರದಲ್ಲಿ ಮಲಗಿದ್ದಾಗ ಲಾರಿ ಬಂದು ನಿಂತಿತು. ಯಾವ ಡ್ರಮ್ಮಿನಲ್ಲಿ ಏನಿದೆ ಅಂತ ಯಾರಿಗೂ ತಿಳಿಯದೆ, ಎಲ್ಲ ಏರಿಸಿ ಲಾರಿಯನ್ನೇ ಅವನ ಮನೆ ಬಾಗಿಲಿಗೆ ತಂದರು. ಅವನು ಕಂಬಳಿಯಿಂದ ಮೂಗು ಮಾತ್ರ ಹೊರಗೆ ಹಾಕಿ ಕಿಟಕಿಯಿಂದಲೇ ಹದಿನಾರನ್ನೂ ಹೆಸರು ಹಿಡಿದು ಹೇಳಿದ. ಲಾರಿ ಅಲ್ಲ, ಕೈಗಾಡಿ ಅನ್ನುವವರೂ ಇದ್ದಾರೆ. ಕೈಗಾಡಿಯೇ ಇರಲಿ, ನನಗೇನು.

ಇನ್ನು ಯಾರಿಗೂ ಗೊತ್ತಿಲ್ಲದ ಮಾತು. ಇಪ್ಪತ್ತು ವರ್ಷ ಆ ಹೊಗೆಯನ್ನು ಬೀಸಿ ಬೀಸಿ ಒಳಗೆ ಎಳೆದುಕೊಂಡ ಮೂಗು ಸುಮ್ಮನಿದ್ದೀತೆ? ಒಂದು ದಿನ ಅವನು ಅಡುಗೆಮನೆಯ ಹೊಸ್ತಿಲಲ್ಲಿ ಕೂತು ಪೇಪರ್ ಓದುತ್ತಿದ್ದ. ಒಲೆಯ ಮೇಲಿದ್ದ ಹಾಲು ಉಕ್ಕಿ, ಸೀದು, ಪಾತ್ರೆ ಇದ್ದಿಲಾಯಿತು. ಒಗೆದ ಬಟ್ಟೆ ಹರವಿ ಮಹಡಿಯಿಂದ ಇಳಿದು ಬಂದ ಹೆಂಡತಿ, ಮೂಗು ಕಾರ್ಖಾನೆಯಲ್ಲೇ ಬಿಟ್ಟು ಬಂದ್ರಾ ಅಂತ ಕೇಳಿದಳು. ಅವನೂ ನಕ್ಕ. ಮರುದಿನ ಶೆಡ್ಡಿಗೆ ಹೋಗಿ ಥಿನ್ನರ್ ಡ್ರಮ್ಮಿನ ಮೇಲೆ ಬಗ್ಗಿ ಎಳೆದರೆ, ಗೋಡೆಯನ್ನು ಮೂಸಿದಂತೆ. ಆಸಿಡ್ಡೂ ಅಷ್ಟೇ, ಎಣ್ಣೆಯೂ ಅಷ್ಟೇ. ಮೂಗಣ್ಣನ ಮುಖದಲ್ಲಿ ಮೂಗಿತ್ತು, ಕೆಲಸಕ್ಕೆ ಬರುತ್ತಿರಲಿಲ್ಲ.

ಹೇಳಿಕೊಳ್ಳುವುದು ಯಾರ ಹತ್ತಿರ? ಕಣ್ಣಣ್ಣ ಕುರುಡಾದರೆ ಅಯ್ಯೋ ಅಂದಾರು, ಮೂಗಣ್ಣನ ಮೂಗು ಹೋದರೆ ಊರೆಲ್ಲ ನಗುತ್ತದೆ. ಅವನು ಒಂದು ಉಪಾಯ ಹೂಡಿದ. ಡ್ರಮ್ಮು ತುಂಬುವಾಗ ತಾನೇ ನಿಂತು ನೋಡಿ, ಅದರ ಕುತ್ತಿಗೆಗೆ ಹಿಂದಿನಿಂದ ಒಂದು ದಾರ ಕಟ್ಟುತ್ತಿದ್ದ. ಒಂದು ಗಂಟು ಇದ್ದರೆ ಆಸಿಡ್, ಎರಡು ಇದ್ದರೆ ಬ್ಲೀಚಿಂಗ್, ಮೂರು ಥಿನ್ನರ್, ನಾಲ್ಕು ಗಸಿ, ಐದು ಹಳೇ ಎಣ್ಣೆ. ಕೇಳಿದವರ ಮುಂದೆ ಬಲಗೈ ಗಾಳಿ ಬೀಸುತ್ತಿತ್ತು, ಎಡಗೈ ಹೆಬ್ಬೆರಳು ಹಿಂದೆ ಗಂಟು ತಡವುತ್ತಿತ್ತು. ಕಣ್ಣು ಮುಚ್ಚುವುದು ಹೇಗೂ ಹಳೇ ಅಭ್ಯಾಸ. ಎರಡು ವರ್ಷ ಹೀಗೇ ಸಾಗಿತು. ಇನ್ನೂ ಸಾಗುತ್ತಿತ್ತು, ಷಡ್ಡಕ ಬರದೇ ಇದ್ದಿದ್ದರೆ.

ಷಡ್ಡಕ ಎಂದರೆ ಹೆಂಡತಿಯ ತಂಗಿಯ ಗಂಡ. ಮೊದಲು ಎಲ್ಲೋ ಔಷಧಿ ಕಾರ್ಖಾನೆಯಲ್ಲಿದ್ದ. ಸರ್ಕಾರದ ಕಡೆಯವರು ಬಂದು ಹಿಂದಿನ ಶೆಡ್ಡು ನೋಡಿ, ಇದನ್ನು ಸರಿಮಾಡದಿದ್ದರೆ ಬೀಗ ಹಾಕುತ್ತೇವೆ ಅಂತ ಬರೆದುಕೊಟ್ಟು ಹೋದ ಮೇಲೆ ಮಾಲೀಕರು ಹುಡುಕಿ ಹುಡುಕಿ ಕರೆತಂದದ್ದು ಇವನನ್ನು. ಲೋಕದಲ್ಲಿ ಅಷ್ಟು ಜನ ಇದ್ದಾರೆ, ಇವನೇ ಸಿಗಬೇಕೆ?

ಮೊದಲೇ ಅತ್ತೆಯ ಮನೆಯಲ್ಲಿ ಒಂದು ಗಾಯ ಇತ್ತು. ಅಲ್ಲಿ ಕಿಟಕಿಯ ಪಕ್ಕ ಕೈಯಿರುವ ಕುರ್ಚಿ ಒಂದೇ ಒಂದು. ಹನ್ನೆರಡು ವರ್ಷ ಅದು ಹಿರಿಯ ಅಳಿಯನ ಕುರ್ಚಿ. ಕಿರಿಯ ಅಳಿಯ ಬಂದ ವರ್ಷ ಅವನಿಗೆ ಬೆನ್ನು ನೋವು ಅಂತ ಅತ್ತೆ ಅದನ್ನು ಅವನ ಕಡೆ ಸರಿಸಿದರು. ನೋವು ವಾಸಿಯಾಯಿತು, ಕುರ್ಚಿ ಮಾತ್ರ ವಾಪಸು ಬರಲಿಲ್ಲ. ಮೂಗಣ್ಣ ಮಂಚದ ತುದಿಯಲ್ಲಿ ಕೂತು, ಆ ಕುರ್ಚಿಯ ಕೈಗಳನ್ನು ನೋಡುತ್ತ ಊಟ ಮುಗಿಸುತ್ತಿದ್ದ.

ಈಗ ಕಾರ್ಖಾನೆಯಲ್ಲೂ ಅದೇ. ಷಡ್ಡಕ ಬಂದ ವಾರವೇ ಶೆಡ್ಡಿನ ನೆಲಕ್ಕೆ ಹಳದಿ ಗೆರೆ ಬಿತ್ತು. ಆಸಿಡ್ ಈ ಕಡೆ, ಬ್ಲೀಚಿಂಗ್ ಆ ಕಡೆ, ನಡುವೆ ಎದೆಮಟ್ಟ ಗೋಡೆ. ಡ್ರಮ್ಮುಗಳ ಕೆಳಗೆ ಚೆಲ್ಲಿದ್ದು ಹಿಡಿಯುವ ತಟ್ಟೆ, ಬಾಗಿಲ ಬಳಿ ಮರಳು ತುಂಬಿದ ಬಕೆಟ್ಟು, ಕಣ್ಣು ತೊಳೆಯಲು ನಲ್ಲಿ. ವಾರಕ್ಕೊಂದು ಗಂಟೆ ಎಲ್ಲರನ್ನೂ ಕೂರಿಸಿ ಪಾಠ. ಅವನ ದನಿ ಗೊಗ್ಗರು, ಒಡೆದ ಮಡಕೆಗೆ ಕಲ್ಲು ಹಾಕಿ ಅಲ್ಲಾಡಿಸಿದ ಹಾಗೆ. ಆದರೂ ಜನ ಉಸಿರು ಬಿಗಿಹಿಡಿದು ಕೇಳುತ್ತಿದ್ದರು. ಅಧಿಕಾರ ತೋರಿಸೋಕೆ ಬೇಕು ಅಂತಲೇ ಹಾಗೆ ಮಾತಾಡ್ತಾನೆ ಅಂತ ಮೂಗಣ್ಣ ಗೇಟಿನವನ ಹತ್ತಿರ ಹೇಳಿದ. ಸಂಜೆ ಮನೆಯಲ್ಲಿ ಗಂಟಲು ಗೊಗ್ಗರು ಮಾಡಿ ಹೆಂಡತಿಯ ಮುಂದೆ ಅಣಕಿಸಿಯೂ ತೋರಿಸಿದ. ಅವಳು ನಗಲಿಲ್ಲ.

ಹೊಟ್ಟೆಯಲ್ಲಿ ಕಿಚ್ಚು ಬಿದ್ದವನಿಗೆ ಎಲ್ಲವೂ ಸೌದೆಯೇ. ಟೀ ತರುವವಳು ಮೊದಲ ಲೋಟ ಷಡ್ಡಕನಿಗೆ ಕೊಟ್ಟರೆ ಒಂದು ಸೌದೆ. ಅವನ ರಬ್ಬರ್ ಬೂಟು ಮೊಣಕಾಲ ತನಕ ಬಂದರೆ ಇನ್ನೊಂದು. ಅವನ ಅಕ್ಷರವೋ, ಅಚ್ಚು ಹಾಕಿದ ಹಾಗೆ. ಮೂಗಣ್ಣನ ಅಕ್ಷರ ಮಳೆಗೆ ಸಿಕ್ಕ ಇರುವೆ ಸಾಲು. ಮೊದಲೆಲ್ಲ ಅವನು ರಜೆ ಹಾಕಿದರೆ ಶೆಡ್ಡು ನಿಲ್ಲುತ್ತಿತ್ತು. ಈಗ ಒಂದು ದಿನ ಬೇಕೆಂದೇ ರಜೆ ಹಾಕಿ ಮನೆಯಲ್ಲಿ ಕೂತು ಯಾರಾದರೂ ಬಂದಾರು ಅಂತ ದಾರಿ ನೋಡಿದ. ಯಾರೂ ಬರಲಿಲ್ಲ. ಸಂಜೆಯ ಹೊತ್ತಿಗೆ ನಿಜವಾಗಿಯೂ ತಲೆನೋವು ಬಂತು.

ಒಂದು ಶನಿವಾರ ಎಲ್ಲ ಡ್ರಮ್ಮುಗಳಿಗೂ ಚೀಟಿ ಅಂಟಿಸುವುದು ಅಂತ ಗೊತ್ತಾಯಿತು. ಕೆಂಪು ಚೀಟಿ ಆಸಿಡ್ಡಿಗೆ, ನೀಲಿ ಬ್ಲೀಚಿಂಗ್‌ಗೆ, ಹೀಗೆ ಬಣ್ಣ ಬಣ್ಣ. ಮಾಲೀಕರೂ ಬಂದು ನಿಂತಿದ್ದರು. ಷಡ್ಡಕನ ಕೈಯಲ್ಲಿ ಸಣ್ಣ ಕಾಗದದ ಪಟ್ಟಿಗಳ ಕಟ್ಟು ಇತ್ತು. ಒಳಗಿರುವುದಕ್ಕೆ ಅದ್ದಿದರೆ ಅದರ ಬಣ್ಣ ಬದಲಾಗುತ್ತದೆ, ಏನಿದೆ ಅಂತ ತಿಳಿಯುತ್ತದೆ. ಅವನು ಕಟ್ಟು ಬಿಚ್ಚುತ್ತಿದ್ದ ಹಾಗೆ ಮೂಗಣ್ಣ ಮುಂದೆ ಬಂದ.

"ಕಾಗದ ಯಾಕೆ? ನಾನಿನ್ನೂ ಸತ್ತಿಲ್ಲವಲ್ಲ."

ಮಾಲೀಕರು ನಕ್ಕು, ಅವನ ಮೂಗು ನಿನ್ನ ಕಾಗದಕ್ಕಿಂತ ಸೀನಿಯರ್ ಕಣಪ್ಪ ಅಂದರು. ಷಡ್ಡಕ ಮೂಗಣ್ಣನ ಮುಖ ನೋಡಿದ. ಕಟ್ಟನ್ನು ಮತ್ತೆ ಜೇಬಿಗೆ ಹಾಕಿಕೊಂಡ.

"ಮೂಸೋದು ಬೇಡ ಅಣ್ಣ, ಒಳ್ಳೇದಲ್ಲ. ತುಂಬಿಸಿದವರು ನೀವೇ ತಾನೆ, ನೆನಪಿಂದ ಹೇಳಿ. ನಾನು ಅಂಟಿಸ್ತೀನಿ."

"ನಂದು ಮೂಗಿನ ನೆನಪು," ಅಂತ ಮೂಗಣ್ಣ ಮೊದಲ ಡ್ರಮ್ಮಿನ ಮುಚ್ಚಳ ಎತ್ತಿದ. ಬಲಗೈ ಗಾಳಿ ಬೀಸಿತು, ಎಡಗೈ ಹಿಂದಕ್ಕೆ ಹೋಯಿತು. ಹೆಬ್ಬೆರಳು ಡ್ರಮ್ಮಿನ ಕುತ್ತಿಗೆಯನ್ನು ಒಂದು ಸುತ್ತು ತಡಕಿತು.

ದಾರ ಇಲ್ಲ.

ಆಗಿದ್ದು ಇಷ್ಟೇ. ಚೀಟಿ ಚೆನ್ನಾಗಿ ಅಂಟಲಿ ಅಂತ ಬೆಳಗ್ಗೆಯೇ ಡ್ರಮ್ಮುಗಳನ್ನು ಹೊರಗಿನಿಂದ ತೊಳೆಸಿದ್ದರು. ತೊಳೆಯುವ ಅಕ್ಕ ಬಹಳ ಅಚ್ಚುಕಟ್ಟು. ಕೊಳಕು ದಾರ ಯಾಕೆ ಅಂತ ಒಂದೊಂದನ್ನೂ ಕತ್ತರಿಯಿಂದ ಕತ್ತರಿಸಿ ಬುಟ್ಟಿಗೆ ಹಾಕಿದ್ದಳು. ಮೂಗಣ್ಣ ನಿಂತ ಜಾಗದಿಂದ ಆ ಬುಟ್ಟಿ ಕಾಣುತ್ತಿತ್ತು. ಹದಿನಾರು ದಾರಗಳು ಹಾವಿನ ಮರಿಗಳ ಹಾಗೆ ಒಂದರ ಮೇಲೊಂದು ಬಿದ್ದಿದ್ದವು. ಗಂಟುಗಳು ಗಂಟುಗಳಾಗಿಯೇ ಇದ್ದವು, ಯಾವುದು ಯಾರ ಕುತ್ತಿಗೆಯದು ಅಂತ ಹೇಳುವವರಿಲ್ಲ.

ಹದಿನಾಲ್ಕು ಡ್ರಮ್ಮನ್ನು ಅವನು ಹೇಗೋ ದಾಟಿದ. ಒಂದಕ್ಕೆ ಸೊಟ್ಟ ಹೊಟ್ಟೆ, ಒಂದರ ಮುಚ್ಚಳ ಸೀಳಿತ್ತು, ಒಂದು ಇಪ್ಪತ್ತು ವರ್ಷದಿಂದ ಆಸಿಡ್ ಬಿಟ್ಟು ಬೇರೇನೂ ಕಂಡಿರಲಿಲ್ಲ. ಕೊನೆಯಲ್ಲಿ ನಿಂತಿದ್ದ ಎರಡು ಮಾತ್ರ ಹೋದ ವಾರ ತಂದ ಹೊಸ ನೀಲಿ ಡ್ರಮ್ಮು. ಅವಳಿ ಮಕ್ಕಳು. ಒಂದರಲ್ಲಿ ಆಸಿಡ್, ಒಂದರಲ್ಲಿ ಬ್ಲೀಚಿಂಗ್, ಅಷ್ಟು ಗೊತ್ತು. ಯಾವುದರಲ್ಲಿ ಯಾವುದು? ಎರಡೂ ನೋಡಲು ತಿಳಿ ಹಳದಿ. ಮೂಸಿದರೆ ಎರಡೂ ಗೋಡೆ.

ಗೊತ್ತಿಲ್ಲ ಅನ್ನಬಹುದಿತ್ತು. ಮೂರೇ ಅಕ್ಷರ. ಆದರೆ ಎದುರಿಗೆ ಮೊಣಕಾಲ ತನಕ ಬೂಟು ಹಾಕಿ ಪೆನ್ನು ಹಿಡಿದು ನಿಂತಿದ್ದವನು ಕಿಟಕಿ ಪಕ್ಕದ ಕುರ್ಚಿಯವನು. ಅವನ ಮುಂದೆ ಆ ಮಾತು ಆಡಲಾದೀತೆ?

"ಎಡಗಡೇದು ಆಸಿಡ್," ಅಂದ ಮೂಗಣ್ಣ. "ಬಲಗಡೇದು ಬ್ಲೀಚಿಂಗ್."

ಷಡ್ಡಕ ಅಚ್ಚಿನಂಥ ಅಕ್ಷರದಲ್ಲಿ ಬರೆದು ಅಂಟಿಸಿದ. ಆಮೇಲೆ ಎಲ್ಲರಿಗೂ ಕೇಳುವ ಹಾಗೆ, ಸೋಮವಾರ ಬೆಳಗ್ಗೆ ನಲ್ಲಿ ತೊಳೆದ ನೀರಿನ ತೊಟ್ಟಿಗೆ ಇದೇ ಬಲಗಡೆಯ ಡ್ರಮ್ಮನ್ನು ಹೇಗೆ ಸುರಿಯಬೇಕು ಅಂತ ತಾನೇ ಮಾಡಿ ತೋರಿಸುವುದಾಗಿ ಹೇಳಿದ. ಆ ತೊಟ್ಟಿಯಲ್ಲಿ ಆಗಲೇ ಅರ್ಧ ಬ್ಲೀಚಿಂಗ್ ಇತ್ತು. ಬ್ಲೀಚಿಂಗ್ ಮೇಲೆ ಆಸಿಡ್ ಬಿದ್ದರೆ ಏಳುವ ಹಳದಿ ಹೊಗೆ ಎದೆಗೆ ಹೋದರೆ ಏನಾಗುತ್ತದೆ ಅಂತ ಹಿಂದಿನ ವಾರದ ಪಾಠದಲ್ಲೇ ಹೇಳಿಯಾಗಿತ್ತು. ಮೂಗಣ್ಣ ಆ ಪಾಠದಲ್ಲಿ ಗೋಡೆಗೆ ಒರಗಿ ನಿದ್ದೆ ಬಂದವನ ಹಾಗೆ ನಟಿಸಿದ್ದ, ಕಿವಿ ಮಾತ್ರ ಎಚ್ಚರ ಇತ್ತು.

ಭಾನುವಾರ ಅತ್ತೆಯ ಮನೆಯಲ್ಲಿ ಊಟ. ದಾರಿಯುದ್ದಕ್ಕೂ ಮೂಗಣ್ಣನ ತಲೆಯಲ್ಲಿ ಒಂದು ಕೆಟ್ಟ ಲೆಕ್ಕ ಓಡುತ್ತಿತ್ತು. ಚೀಟಿ ಬರೆದವನು ಷಡ್ಡಕ. ಕೈಬರಹ ಅವನದು. ತಪ್ಪಾದರೆ ಹೆಸರು ಕೆಡುವುದು ಅವನದೇ. ಸ್ವಲ್ಪ ಹೊಗೆ ಎದ್ದರೆ ಏನಂತೆ, ಬಯಲಲ್ಲಿ ತಾನೆ, ನಾಲ್ಕು ಜನ ಕೆಮ್ಮಿಯಾರು. ಮಾಲೀಕರು ಮತ್ತೆ ಮೂಗಣ್ಣಾ ಅಂತ ಕರೆದುಕೊಂಡು ಬಂದಾರು. ಹೀಗೆ ಅವನು ತನಗೆ ತಾನೇ ಹೇಳಿಕೊಂಡ. ಇದನ್ನು ನಾನು ಮುಚ್ಚಿಡುವುದಿಲ್ಲ, ಅಸೂಯೆ ಮನುಷ್ಯನನ್ನು ಅಷ್ಟು ಕೆಳಗೆ ಇಳಿಸುತ್ತದೆ.

ಷಡ್ಡಕ ಕುರ್ಚಿಯಲ್ಲಿ ಕೂತಿದ್ದ. ಅತ್ತೆ ಎರಡನೇ ಸಲ ಬಡಿಸಲು ಮೊದಲು ಅವನ ಕಡೆಯೇ ಹೋದರು. ನಮ್ಮ ಕಿರಿಯ ಅಳಿಯಂದಿರು ಎಷ್ಟು ಚೆನ್ನಾಗಿ ಕಾರ್ಖಾನೆ ಸರಿಮಾಡಿದ್ದಾರಂತೆ, ಪಕ್ಕದ ಮನೆಯವರೂ ಹೇಳಿದರು ಅಂದರು. ಮೂಗಣ್ಣನಿಗೆ ತಡೆಯಲಾಗಲಿಲ್ಲ.

"ದನಿಯೊಂದು ಸರಿಯಿದ್ದಿದ್ರೆ ಇನ್ನೂ ಎತ್ತರಕ್ಕೆ ಹೋಗ್ತಿದ್ದ," ಅಂದ. "ಆ ದನಿಯಲ್ಲಿ ಪಾಠ ಕೇಳೋರಿಗೆ ಕಿವೀಲಿ ಮರಳು ಹಾಕಿದ ಹಾಗಾಗುತ್ತೆ."

ಯಾರೂ ನಗಲಿಲ್ಲ. ಹೆಂಡತಿಯ ತಂಗಿ ನೀರಿನ ಲೋಟ ಅವನ ಮುಂದಿಟ್ಟು ಮೆಲ್ಲಗೆ ಹೇಳಿದಳು.

"ಮೊದಲು ಹಾಡ್ತಿದ್ರು ಭಾವ. ನಿಮಗೆ ಗೊತ್ತಿಲ್ಲ. ಆ ಔಷಧಿ ಕಾರ್ಖಾನೇಲಿ ಯಾರೋ ಒಬ್ಬರು ಡ್ರಮ್ಮಲ್ಲಿ ಇರೋದು ಇದೇ ಇರಬೇಕು ಅಂತ ಅಂದಾಜಲ್ಲಿ ಹೇಳಿದ್ರಂತೆ. ಇವರು ನಂಬಿ ಸುರಿದ್ರು. ಮೂರು ವಾರ ಆಸ್ಪತ್ರೇಲಿ ಇದ್ರು. ಉಸಿರು ಉಳೀತು, ಹಾಡು ಹೋಯ್ತು."

ಷಡ್ಡಕ ತಟ್ಟೆಯಿಂದ ತಲೆ ಎತ್ತದೆ, ಅದೆಲ್ಲ ಈಗ್ಯಾಕೆ ಅಂದ. ಮೂಗಣ್ಣ ಕೈಯಲ್ಲಿದ್ದ ತುತ್ತನ್ನು ತಟ್ಟೆಗೆ ಇಳಿಸಿದ. ನಿಜ ಹೇಳಲಾ, ಆ ಹೊತ್ತಿನಲ್ಲೂ ಅವನ ಹೊಟ್ಟೆಯ ಒಂದು ಮೂಲೆ ಉರಿಯಿತು. ನನಗೂ ಮೂಗು ಹೋಗಿದೆ, ನನ್ನ ಕಥೆಯನ್ನು ಯಾರು ಹೀಗೆ ಮೆಲ್ಲಗೆ ಹೇಳುತ್ತಾರೆ ಅಂತ. ಕಷ್ಟದಲ್ಲೂ ಅವನದೇ ಮೇಲುಗೈ.

ಸೋಮವಾರ ಬೆಳಗ್ಗೆ ಮೂವತ್ತು ಜನ ತೊಟ್ಟಿಯ ಸುತ್ತ ನಿಂತಿದ್ದರು. ಷಡ್ಡಕ ಕೈಗವಸು ಹಾಕಿ, ಕನ್ನಡಕ ಏರಿಸಿ, ಪಂಪಿನ ಕೊಳವೆ ಹಿಡಿದು ಬಲಗಡೆಯ ಡ್ರಮ್ಮಿನ ಕಡೆ ಬಂದ. ಅವನ ಕೈ ಮುಚ್ಚಳದ ಮೇಲೆ ಬೀಳುವ ಮೊದಲೇ ಮೂಗಣ್ಣ ಹೋಗಿ ಅದರ ಮೇಲೆ ಕೂತುಬಿಟ್ಟ.

ಏನಯ್ಯ, ಬಸ್ಸಲ್ಲಿ ಟವೆಲ್ ಹಾಕಿದ ಹಾಗೆ ಸೀಟು ಹಿಡಿದೆ ಅಂದರು ಮಾಲೀಕರು. ಜನ ನಕ್ಕರು. ಮೂಗಣ್ಣ ಷಡ್ಡಕನ ಬೂಟನ್ನು ನೋಡುತ್ತ ಹೇಳಿದ.

"ಈ ಎರಡರಲ್ಲಿ ಯಾವುದರಲ್ಲಿ ಏನಿದೆ ನನಗೆ ಗೊತ್ತಿಲ್ಲ. ಶನಿವಾರ ಅಂದಾಜಲ್ಲಿ ಹೇಳ್ದೆ. ಎರಡು ವರ್ಷದಿಂದ ನನಗೆ ಯಾವ ವಾಸನೇನೂ ಬರಲ್ಲ."

ನಗು ನಿಂತಿತು. ತೊಳೆಯುವ ಅಕ್ಕ ಮಾತ್ರ ಬಿಡಲಿಲ್ಲ.

"ಹಾಗಾದ್ರೆ ಮೊನ್ನೆ ನನ್ನ ಹೊಸ ಸೋಪು ಘಮ್ ಅಂತಿದೆ ಅಂದಿದ್ದು?"

"ಅದು ಮರ್ಯಾದೆಗೆ ಅಂದಿದ್ದು ಕಣಕ್ಕ."

ಷಡ್ಡಕ ಎಲ್ಲರನ್ನೂ ಹತ್ತು ಹೆಜ್ಜೆ ಹಿಂದೆ ಕಳಿಸಿದ. ಜೇಬಿನಿಂದ ಕಾಗದದ ಕಟ್ಟು ತೆಗೆದು ಎಡಗಡೆಯದಕ್ಕೆ ಒಂದು ಪಟ್ಟಿ ಅದ್ದಿದ. ಕೆಂಪಾಯಿತು. ಆಸಿಡ್. ಬಲಗಡೆಯದಕ್ಕೆ ಅದ್ದಿದ. ಮೊದಲು ನೀಲಿಗೆ ತಿರುಗಿ, ನೋಡನೋಡುತ್ತ ಬಣ್ಣವೇ ಹಾರಿ ಬೆಳ್ಳಗಾಯಿತು. ಬ್ಲೀಚಿಂಗ್. ಮೂಗಣ್ಣ ಹೇಳಿದ್ದು ಎರಡೂ ಸರಿ.

ಈಗ ನೋಡು ಅವನ ಹಣೆಬರಹ. ಬಾಯಿ ಮುಚ್ಚಿಕೊಂಡು ನಿಂತಿದ್ದರೆ ಇವತ್ತಿಗೂ ಅವನು ಮೂಗಣ್ಣನೇ. ಸಿಂಹಾಸನದಿಂದ ತಾನಾಗಿಯೇ ಇಳಿದ ಮೇಲೆ ಗೊತ್ತಾಯಿತು, ಯಾರೂ ತಳ್ಳುತ್ತಿರಲಿಲ್ಲ ಅಂತ. ಆ ಬಿಳೀ ಕಾಗದ ನೋಡಿ ಅವನಿಗೆ ಅಳು ಬಂತೋ ನಗು ಬಂತೋ, ಮುಖ ಎರಡಕ್ಕೂ ತಯಾರಾಗಿ ನಡುವೆ ನಿಂತಿತು. ನೋಡು, ಸರಿಯಾಗೇ ಇತ್ತು ಅಂದ ಷಡ್ಡಕನಿಗೆ, ತೀರ ಸಣ್ಣ ದನಿಯಲ್ಲಿ.

"ಈಗ ಗೊತ್ತಾಯ್ತು ಅಣ್ಣ. ಸುರಿಯೋ ಮೊದಲು ಗೊತ್ತಿರಲಿಲ್ಲ," ಅಂದ ಷಡ್ಡಕ. ಆಮೇಲೆ ಗೊಗ್ಗರು ದನಿಯಲ್ಲೇ ಸೇರಿಸಿದ. "ಶನಿವಾರ ನಾನೇ ಕಾಗದ ಅದ್ದಬೇಕಿತ್ತು. ನಿಮಗೆ ಬೇಜಾರಾಗುತ್ತೆ ಅಂತ ಜೇಬಿಗೆ ಹಾಕ್ಕೊಂಡೆ. ಆ ತಪ್ಪು ನಂದು."

ಅವತ್ತಿನಿಂದ ಕಾರ್ಖಾನೆಯಲ್ಲಿ ಎರಡು ನಿಯಮ ಬಂತು. ಯಾರೂ ಯಾವುದನ್ನೂ ಮೂಸಬಾರದು. ಯಾರ ಮಾತಿನ ಮೇಲೂ ಚೀಟಿ ಅಂಟಿಸಬಾರದು, ಎಷ್ಟೇ ಹಿರಿಯರಾದರೂ, ಮಾಲೀಕರ ಮಾವನೇ ಆದರೂ. ಡ್ರಮ್ಮು ಖಾಲಿ ಇರುವಾಗಲೇ ಚೀಟಿ ಬೀಳಬೇಕು, ತುಂಬಿದ ಮೇಲೆ ಅಲ್ಲ. ಮೂರಾಯಿತೆ? ಆಗಲಿ ಬಿಡು. ಕಾರ್ಖಾನೆಯ ಖರ್ಚಿನಲ್ಲೇ ಮೂಗಣ್ಣನನ್ನು ಡಾಕ್ಟರ ಹತ್ತಿರ ಕಳಿಸಿದರು. ಅವರು ಮೂಗಿನೊಳಗೆ ದೀಪ ಬಿಟ್ಟು ನೋಡಿ, ಅಂಗಡಿ ಮುಚ್ಚಿದೆ ಅಂದರು.

ಶೆಡ್ಡಿನ ಬಾಗಿಲು ಮಾತ್ರ ಅವನ ಕೈಯಲ್ಲೇ ಉಳಿಯಿತು. ಚೀಟಿ ಇಲ್ಲದ ಒಂದು ಕ್ಯಾನನ್ನೂ ಅವನು ಒಳಗೆ ಬಿಡುತ್ತಿರಲಿಲ್ಲ. ಒಮ್ಮೆ ಮಾಲೀಕರು ತಮ್ಮ ಕುಡಿಯುವ ನೀರಿನ ಬಾಟಲಿ ಹಿಡಿದು ಬಂದಾಗ, ಚೀಟಿ ಎಲ್ಲಿ ಅಂತ ಹೊರಗೆ ನಿಲ್ಲಿಸಿದ. ಮಾಲೀಕರು ಬಿಸಿಲಲ್ಲಿ ನಿಂತು ಬಾಟಲಿಗೆ 'ನೀರು' ಅಂತ ಬರೆದು ಅಂಟಿಸಿಕೊಂಡು ಒಳಗೆ ಹೋದರು. ಇದಕ್ಕೂ ಹುಬ್ಬು ಏರಿಸುತ್ತೀಯಾ? ಕಾಗದವನ್ನೂ ಅದ್ದಿಸಿದ ಅಂತ ಹೇಳಬೇಕೆಂದಿದ್ದೆ, ನಿನ್ನ ಮುಖ ನೋಡಿ ಬಿಟ್ಟೆ.

ಹೊಟ್ಟೆಕಿಚ್ಚು ಹೋಯಿತಾ ಅಂತ ಕೇಳುತ್ತೀಯ. ಎಲ್ಲಿಗೆ ಹೋಗುತ್ತದೆ? ಅದನ್ನು ಒಯ್ಯುವ ಲಾರಿ ಯಾವುದೂ ಇಲ್ಲ. ಎರಡೂ ಮನೆಯವರು ಒಂದೇ ಬೀದಿಗೆ ಬಂದರು, ಅತ್ತೆಯ ಮನೆಯ ಆ ಕುರ್ಚಿ ಮೂಗಣ್ಣನ ಮನೆಯ ಕಿಟಕಿಗೆ ಬಂತು, ಇಬ್ಬರಿಗೂ ತಲೆ ನೆರೆಯಿತು, ಷಡ್ಡಕನ ಮೊಮ್ಮಕ್ಕಳು ಇವನ ತೊಡೆಯ ಮೇಲೆ ಬೆಳೆದರು. ಆದರೂ ಮೂಗಣ್ಣ ಪ್ರತಿದಿನ ಆ ಅಚ್ಚಿನಂಥ ಅಕ್ಷರದ ಚೀಟಿಗಳನ್ನು ಒಂದೊಂದಾಗಿ ಓದಿ ತಪ್ಪು ಹುಡುಕುತ್ತಿದ್ದ. ಒಂಬತ್ತು ವರ್ಷದಲ್ಲಿ ಒಂದೇ ಒಂದು ಸಿಕ್ಕಿತು. ಗಸಿಯ ಡ್ರಮ್ಮಿಗೆ ಷಡ್ಡಕ ಚೀಟಿಯನ್ನು ತಲೆಕೆಳಗಾಗಿ ಅಂಟಿಸಿದ್ದ. ಅದನ್ನು ಕಿತ್ತು ಸರಿಮಾಡುವ ಮೊದಲು ಮೂಗಣ್ಣ ಮೂವತ್ತು ಜನರನ್ನೂ ಕರೆದು ತೋರಿಸಿದ, ಟೀ ತರುವವಳನ್ನೂ ಸೇರಿಸಿ. ಅವನ ಮದುವೆಯ ದಿನವೂ ಮುಖ ಅಷ್ಟು ಅರಳಿರಲಿಲ್ಲ ಅಂತ ಅವನ ಹೆಂಡತಿಯೇ ಹೇಳುತ್ತಾಳೆ. ಆಮೇಲೆ ಷಡ್ಡಕ ಏನು ಮಾಡಿದ ಗೊತ್ತಾ, ಆ ಚೀಟಿಯನ್ನು...

"ರೀ, ಎಷ್ಟು ಸಲ ಕರೀಬೇಕು? ಒಗ್ಗರಣೆ ಘಾಟು ಬೀದಿ ತುದಿಗೆ ಮುಟ್ಟಿದೆ, ನಿಮ್ಮ ಮೂಗಿಗೊಂದು ತಿಳೀಲಿಲ್ಲ. ತಂಗಿ ಮನೆಯವರು ಬಂದು ಆಗಲೇ ಕೂತಾಯ್ತು."

ಬಂದೆ ಕಣೇ. ಎಲ್ಲಿ ಕೂತಿದ್ದಾನೆ? ಕಿಟಕಿ ಪಕ್ಕದ ಕುರ್ಚಿಯಲ್ಲಾ?

ಏಳು ಮಹರಾಯ, ಸ್ವಲ್ಪ ದಾರಿ ಬಿಡು.